ಉಸಿರಿನ ಕಾವಲು

ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದ ಗಂಡನಿಗೆ ಗಂಟಲಿನ ಆಪರೇಷನ್ ಆಗಿತ್ತು. ಡಾಕ್ಟರು ಹೆಂಡತಿಯನ್ನು ಕೇಳಿದರು: "ಮಾರ್ಫಿನ್ ಕೊಟ್ರೆ ನೋವು ಗೊತ್ತಾಗಲ್ಲ. ಆದ್ರೆ ಉಸಿರು ನಿಧಾನ ಆಗಬಹುದು, ರಾತ್ರಿಯಿಡೀ ಪಕ್ಕದಲ್ಲಿ ಒಬ್ರು ಎದ್ದು ನೋಡ್ತಿರಬೇಕು. ಟ್ರಮಡಾಲ್ ಕೊಟ್ರೆ ಅಷ್ಟು ಭಯ ಇಲ್ಲ, ಯಾರೂ ಎದ್ದಿರಬೇಕಿಲ್ಲ, ಆದ್ರೆ ನೋವು ಉಳಿಯುತ್ತೆ. ಯಾವುದು ಕೊಡ್ಲಿ?"

"ಎರಡನೇದೇ ಕೊಡಿ. ಉಸಿರು ಮುಖ್ಯ ಅಲ್ವಾ?" ಎಂದಳು. ಅವಳಿಗೆ ಬೇಕಿದ್ದುದು ಒಂದು ರಾತ್ರಿಯ ನಿದ್ದೆ. ಮನೆಯಿಂದ ದಿಂಬನ್ನೂ ತಂದಿದ್ದಳು.

ಸಂಜೆ ಅವನು ಎಂಜಲು ನುಂಗಲಾರದೆ ಕಣ್ಣೀರಿಟ್ಟ. ಅವಳು ದಿಂಬನ್ನು ಮಂಚದಡಿಗೆ ತಳ್ಳಿ ನರ್ಸ್ ಬಳಿ ಓಡಿದಳು.

"ಸಿಸ್ಟರ್, ಮಾರ್ಫಿನ್ನೇ ಕೊಡಿ. ನಾನು ಎದ್ದಿರ್ತೀನಿ."

"ಆಪರೇಷನ್‌ಗೆ ಮುಂಚೇನೇ ನಿಮ್ಮ ಯಜಮಾನ್ರು ನನ್ನ ಹತ್ರ ಅದು ಬೇಡ ಅಂದಿದ್ರಮ್ಮ," ಎಂದಳು ನರ್ಸ್. "'ಮದುವೆಯಾದಾಗಿಂದ ನನ್ನ ಗೊರಕೆಗೆ ಅವಳು ನೆಟ್ಟಗೆ ಮಲಗಿಲ್ಲ, ಇವತ್ತಾದ್ರೂ ಮಲಗಲಿ' ಅಂದ್ರು."