ಶತ್ರುವಿನ ಧ್ವಜಸ್ತಂಭ

ಏಳುನೂರು ವರ್ಷಗಳ ಹಿಂದೆ ನೆರೆನಗರದ ಸೇನೆಯಿಂದ ಕಿತ್ತು ತಂದ ಧ್ವಜಸ್ತಂಭವು ಇಟಲಿಯ ಆ ಕ್ಯಾಥೆಡ್ರಲ್‌ನಲ್ಲಿ, ನಗರವನ್ನು ಕಾಯುವ ಮರಿಯಮ್ಮನವರ ಚಿತ್ರದ ಪಕ್ಕದಲ್ಲೇ ನಿಂತಿತ್ತು.

“ಸುಲಭಕ್ಕೆ ಸಿಕ್ಕಿದ್ದಲ್ಲಪ್ಪ! ಹಿಡಿದಿದ್ದವನ ಕೈ ಕಡಿದು ಬಿದ್ದರೂ ಬೆರಳು ಸಡಿಲಲಿಲ್ಲ. ಬಿಡಿಸಿಕೊಳ್ಳೋಷ್ಟರಲ್ಲಿ ನಮ್ಮವರಿಗೆ ಸಾಕುಸಾಕಾಯ್ತು!” ಮೊಮ್ಮಗಳು ಮೆಚ್ಚಿ ಕರೆತಂದ ವರನಿಗೆ ಮುದುಕ ಬರ್ನಾರ್ದೊ ಎದೆಯುಬ್ಬಿಸಿ ಹೇಳಿದ.

ತರುಣ ಮಾತೆಗೆ ನಮಿಸುವುದನ್ನೂ ಮರೆತು ಆ ಕಂಬಕ್ಕೆ ಮುತ್ತಿಟ್ಟ.

ಮುದುಕನ ಮುಖ ಬಿಗಿಯಿತು. “ಇದಕ್ಕೆ ಮುತ್ತಿಡುವವರು ಸೋತ ಊರಿನವರು ಮಾತ್ರ. ನೀನು ಅಲ್ಲಿಯವನೋ?”

“ಹೌದು.”

“ತಾತ, ಕೋಪ ಮಾಡ್ಕೋಬೇಡ!” ಮೊಮ್ಮಗಳು ನಡುವೆ ಬಂದಳು.

“ಶತ್ರುವಿನ ಮನೆಗೆ ಹೆಣ್ಣು ಕೊಡಬೇಕೇನೇ?”

ತರುಣನ ಕಣ್ಣು ತುಂಬಿತ್ತು. “ಅವತ್ತು ಇದನ್ನು ಹಿಡಿದಿದ್ದವರು ನಮ್ಮ ವಂಶದ ಹಿರಿಯರು. ಕಂಬ ಎಸೆದು ಓಡಿದ ಹೇಡಿಯ ಮನೆ ಅಂತ ನಮ್ಮೂರಲ್ಲಿ ಇಂದಿಗೂ ಆಡಿಕೊಳ್ತಾರೆ. ಆ ಕೈಯ ವಿಷಯ ಇನ್ನೊಮ್ಮೆ ಹೇಳಿ, ತಾತ.”