ಮೇಜಿನ ಕೆಳಗಿನ ಚಿವುಟು

ಬೆರಳುಗಳ ಬಲ ಅಳೆಯುವ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಅಲುಗಲೇ ಇಲ್ಲ. ಪಾರ್ಶ್ವವಾಯು ಹೊಡೆದ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಅದನ್ನಿಟ್ಟುಕೊಂಡು ಹೆಂಡತಿ ಹಲ್ಲು ಕಚ್ಚಿ ಒತ್ತುತ್ತಿದ್ದಳು. "ಪರವಾಗಿಲ್ಲ ಅಮ್ಮ, ಮುಂದಿನ ವಾರ ನೋಡೋಣ," ಎಂದಳು ಫಿಸಿಯೋಥೆರಪಿ ಹುಡುಗಿ.

"ನಿನ್ನ ಮೀಟರೇ ಕೆಟ್ಟಿದೆ ಕಣಮ್ಮ," ಎಂದ ಗಂಡ. "ಇವಳು ಚಿವುಟೋದು ಹೇಗಿರುತ್ತೆ ಅಂತ ನನ್ನ ಕೇಳು. ನೆಂಟರ ಮುಂದೆ ನಾನು ಬಡಾಯಿ ಶುರು ಮಾಡಿದ್ರೆ ಸಾಕು, ಮೇಜಿನ ಕೆಳಗಿಂದ ಬರ್ತಿತ್ತು!" ಅಂಗಿಯ ತೋಳು ಮಡಚಿ ಕೈಯನ್ನು ಹೆಂಡತಿಯ ಮುಂದೆ ಚಾಚಿದ. "ತಗೋ, ಇಲ್ಲಿ ಚಿವುಟು."

ಅವಳ ಬೆರಳು ತಾಗಿತ್ತೋ ಇಲ್ಲವೋ, "ಅಯ್ಯಯ್ಯೋ, ಸತ್ತೆ!" ಎಂದು ಬೊಬ್ಬೆ ಹಾಕಿದ. ಪಕ್ಕದ ಮಂಚದವರು ತಿರುಗಿ ನೋಡಿದರು. ಹುಡುಗಿ ನಕ್ಕಳು. ಹೆಂಡತಿ ಮಾತ್ರ ನಗಲಿಲ್ಲ. "ನನ್ನ ಹತ್ರಾನೇ ನಾಟಕ ಆಡ್ತೀರಾ?" ಎಂದು ಕಣ್ಣು ಕೆಂಪಗೆ ಮಾಡಿ, ಅದೇ ಕೈಯಿಂದ, ಅದೇ ಜಾಗಕ್ಕೆ ಮತ್ತೆ ಬೆರಳು ಹಾಕಿದಳು.

ಈ ಸಲ ಅವನು ಕೂಗಲಿಲ್ಲ. ಅವಳು ಬೆರಳು ತೆಗೆದ ಮೇಲೆ ತೋಳಿನಲ್ಲಿ ಉಗುರಿನ ಸಣ್ಣ ಗುರುತೊಂದು ಕೆಂಪಗೆ ಉಳಿದಿತ್ತು. ಅದನ್ನೇ ನೋಡುತ್ತ ಕೂತವನು, ಅಂಗಿಯ ಇನ್ನೊಂದು ತೋಳನ್ನೂ ಮಡಚತೊಡಗಿದ.

"ಇದಕ್ಕೂ ಒಂದು ಕೊಡೇ," ಎಂದ.