ಗಾಣಿಗರ ಬೀದಿಯ ಫಲಕ

ಗಂಡನ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ, ‘ಗಾಣಿಗರ ಬೀದಿ’ ಫಲಕವನ್ನು ಅವನ ಟವೆಲಿನಲ್ಲಿ ಸುತ್ತಿಕೊಂಡು ಮೆಟ್ರೊ ಹತ್ತಿದೆ. ನಮ್ಮ ನಗರದಲ್ಲಿ ಸತ್ತವರು ತಾವು ದಿನವೂ ಇಳಿಯುತ್ತಿದ್ದ ನಿಲ್ದಾಣವನ್ನು ಹನ್ನೊಂದು ದಿನ ತಮ್ಮ ಹೆಸರಿಗೆ ಎರವಲು ಪಡೆಯುತ್ತಾರೆ. ಹಳೆಯ ಫಲಕ ಅಷ್ಟು ದಿನ ಅವರ ಮನೆಯಲ್ಲಿರುತ್ತದೆ; ಹನ್ನೆರಡನೆಯ ದಿನ ಅದನ್ನು ಹಿಂತಿರುಗಿಸುವವರೆಗೂ ನಿಲ್ದಾಣಕ್ಕೆ ಅವರದೇ ಹೆಸರು.

“ಮುಂದಿನ ನಿಲ್ದಾಣ ಚನ್ನವೀರ. ಬಾಗಿಲು ಎಡಕ್ಕೆ ತೆರೆಯುತ್ತದೆ.”

“ಚನ್ನವೀರದಲ್ಲಿ ಇಳೀತೀರಾ? ಇಲ್ಲಾಂದ್ರೆ ದಾರಿ ಬಿಡ್ರೀ,” ಎಂದು ಹಿಂದಿದ್ದ ಹೆಂಗಸು ಗದರಿದಳು.

ದಾರಿ ಬಿಟ್ಟೆ. ಕೊನೆಯ ನಿಲ್ದಾಣಕ್ಕೆ ಹೋಗಿ ಹಿಂತಿರುಗುವಾಗ ಮತ್ತೆ ಅವನ ಹೆಸರು ಕೇಳಿದೆ. ಆಗಲೂ ಇಳಿಯಲಿಲ್ಲ.

ಮೂರನೆಯ ಸಲ ಇಳಿದಾಗ ಪ್ಲಾಟ್‌ಫಾರಮ್ಮಿನ ಕಾವಲುಗಾರ, “ಎರಡು ಸಲ ದಾಟಿ ಹೋದ್ರಿ, ನೋಡ್ದೆ. ಕೂತ್ಕೊಳಿ ತಾಯಿ, ಇನ್ನೊಂದು ಗಾಡಿ ಬಂದು ಹೋಗ್ಲಿ,” ಎಂದ.

ಬೆಂಚಿನಲ್ಲಿ ಆಗಲೇ ಒಬ್ಬ ಮುದುಕ, ಇದೇ ನಿಲ್ದಾಣಕ್ಕೆ ಹಾಕಲು ಸತ್ತ ಮಗಳ ಹೆಸರಿನ ಹೊಸ ಫಲಕ ಹಿಡಿದು ಕಾಯುತ್ತಿದ್ದ.

ಟವೆಲು ಬಿಚ್ಚಿ, ಗಾಣಿಗರ ಬೀದಿಯನ್ನು ಮುದುಕನ ತೊಡೆಯ ಮೇಲಿಟ್ಟೆ.